ಅಟ್ಟದ ಮೇಲಿಟ್ಟ ಪಾಯಿಂಟು

ಫ್ಯಾನು ತಿರುಗುತ್ತಿದೆ, ಸದ್ದಿಲ್ಲ, ಮೂರು ರೆಕ್ಕೆಯೂ ಬೇರೆಬೇರೆ ಕಾಣುವಷ್ಟು ನಿಧಾನ, ಅಂಚಿಗೆ ಜಿಡ್ಡುಧೂಳು ಹಿಡಿದು ಜೋತಾಡುತ್ತಿದೆ, ಇಂಥ ಫ್ಯಾನು ಕಿರಕಿರ ಅನ್ನಲೇಬೇಕು, ಅನ್ನುತ್ತಿರಬೇಕು, ರಯೀಸನ ಮೊಬೈಲ್ ಅಂಗಡಿಗೆ ಬಂದವರೆಲ್ಲ ಒಂದು ಸಲ ತಲೆಯೆತ್ತಿ ಅದರ ಕಡೆ ನೋಡುತ್ತಾರೆ, ಸುಮ್ಮಸುಮ್ಮನೆ ಯಾರೂ ಫ್ಯಾನು ನೋಡುವುದಿಲ್ಲ, ಹಾಗಾದರೆ ಸದ್ದು ಇದೆ, ನನ್ನ ಪಾಲಿಗೆ ಇಲ್ಲ ಅಷ್ಟೆ. ಫೋನು ಮಡಿಲಲ್ಲಿದೆ, ಎರಡೂ ಅಂಗೈ ಮುಚ್ಚಿ ಕೂತಿದ್ದೇನೆ, ಕಾವಿಗೆ ಕೂತ ಕೋಳಿಯ ಹಾಗೆ, ಅದು ನಡುಗಿದರೆ ಕೈಗಾದರೂ ಗೊತ್ತಾಗಬೇಕು, ನಡುಗುವ ಹಾಗೆ ಇಟ್ಟಿದ್ದಾನೋ ಇಲ್ಲವೋ ರಯೀಸ, ಕೇಳಲು ಭಯ, ಕೇಳಿದರೆ ಯಾಕಕ್ಕಾ ರಿಂಗ್ ಆಗುತ್ತಲ್ಲ ಅಂದುಬಿಡುತ್ತಾನೆ. ರಯೀಸ ತನ್ನ ಫೋನಿನಲ್ಲಿ ಬುಕಿಂಗಿಗೆ ಹಾಕಿದ್ದಾನೆ, ಗುರುತು ಕೇಳಲು ಬ್ಯಾಂಕಿನ ಹುಡುಗಿ ಯಾವ ಗಳಿಗೆಯಲ್ಲಾದರೂ ಫೋನು ಮಾಡಬಹುದು, ಕ್ರೆಡಿಟ್ ಕಾರ್ಡು ನನ್ನ ಹೆಸರಿನಲ್ಲಿರುವುದರಿಂದ ನಾನೇ ಮಾತಾಡಬೇಕು, ಅವಳು ಕೇಳಿದ್ದಕ್ಕೆ ಸರಿಯಾಗಿ ಹೇಳಿದರೆ ಇಷ್ಟು ವರ್ಷ ಕೂಡಿಟ್ಟ ಪಾಯಿಂಟು ಹೋಟೆಲಿನ ರೂಮಾಗುತ್ತದೆ, ಸಮುದ್ರದ ಎದುರಿನ ರೂಮು, ಎರಡು ರಾತ್ರಿ, ಬೆಳಗಿನ ತಿಂಡಿಯೂ ಅವರದೇ, ಹೇಳದಿದ್ದರೆ ಇವತ್ತಿಗೆ ಮುಗಿಯಿತು, ನಾಳೆಯಿಂದ ಆ ಪಾಯಿಂಟು ಲೆಕ್ಕಕ್ಕಿಲ್ಲ. ಹೇಳುವುದೇನು ಹೇಳಿಯೇನು, ಕೇಳಿಸಬೇಕಲ್ಲ. ನನ್ನ ಬಲಗಿವಿ ಹೋಗಿ ವರ್ಷದ ಮೇಲಾಯಿತು, ಎಡಗಿವಿ ಗಂಟುಮೂಟೆ ಕಟ್ಟಿ ಹೊರಟು ನಿಂತಿದೆ, ಎದುರಿಗಿದ್ದವರ ಮಾತಾದರೆ ತುಟಿ ನೋಡಿ ಅರ್ಧ, ಕಿವಿಯಲ್ಲಿ ಕಾಲು, ಉಳಿದದ್ದು ಊಹೆ, ಹೀಗೇ ಸಂಸಾರ ಸಾಗಿಸುತ್ತಿದ್ದೇನೆ, ಆದರೆ ಫೋನಿಗೆ ತುಟಿಯಿಲ್ಲ. ಇದು ನನ್ನ ಗಂಡನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ, ಗೊತ್ತಾಗಬಾರದು.

ಇವರು ಎದುರಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ರಯೀಸನ ಮೇಲೆ ಕಣ್ಣಿಟ್ಟಿದ್ದಾರೆ, ಅವನೇನೋ ಇವರ ಪಾಯಿಂಟನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ ಅನ್ನುವ ಹಾಗೆ, ಪಾಪದವನು, ಯಾರದೋ ಒಡೆದ ಫೋನಿನ ಗಾಜು ಕೀಳುತ್ತ ಇವರ ಪ್ರಶ್ನೆಗೆಲ್ಲ ತಲೆಯಾಡಿಸುತ್ತಿದ್ದಾನೆ. ಇವರು ಅಂದರೆ ನನ್ನ ಯಜಮಾನರು, ತೋಂಟದಾರ್ಯ, ಹೆಸರು ಹೇಳಿ ಕರೆದದ್ದು ಈ ಜನ್ಮದಲ್ಲಿಲ್ಲ, ಮನಸ್ಸಿನಲ್ಲಿ ಹೇಳಿದರೆ ಯಾರಿಗೇನು. ಕಾರ್ಡು ನನ್ನ ಹೆಸರಿಗೆ ಬಂದದ್ದು ತೋಟ ನನ್ನ ಹೆಸರಿನಲ್ಲಿದೆ ಅಂತ, ಹೊನ್ನವಳ್ಳಿ ಪಕ್ಕದ ಆ ತೋಟ ನಮ್ಮವ್ವ ಚಿಕ್ಕಗೌರಮ್ಮನದು, ಒಬ್ಬಳೇ ಮಗಳು ಅಂತ ನನಗೆ ಬರೆದುಕೊಟ್ಟಳು, ಕೊಬ್ಬರಿ ಮಾರಿದ ದುಡ್ಡು ನನ್ನ ಖಾತೆಗೆ ಬೀಳುವುದನ್ನು ನೋಡಿ ಬ್ಯಾಂಕಿನವರೇ ಕರೆದು ಕೊಟ್ಟರು. ಹೆಸರಿಗೆ ನಾನು, ಉಜ್ಜುವುದೆಲ್ಲ ಇವರು. ಬೋರ್‌ವೆಲ್ಲಿಗೆ ಮೋಟರು, ಮೋಟರಿಗೆ ಕೇಬಲ್ಲು, ತೋಟಕ್ಕೆ ಹನಿ ಪೈಪು, ಮಗಳು ಜೀವಿತಾ ಮದುವೆಯ ಸೀರೆ ಪಾತ್ರೆ, ಅದೂ ಸಾಲದೆ ಪಕ್ಕದ ಮನೆ ಕಲ್ಲೇಶನ ಫ್ರಿಜ್ಜು, ದುಡ್ಡು ನನ್ ಕೈಗೆ ಕೊಡು ಕಣ್ಲಾ, ಕಾರ್ಡ್ ನಾನ್ ಉಜ್ತೀನಿ, ಪಾಯಿಂಟ್ ಬತ್ತದೆ ಅಂತ ಅವನಿಗೆ ಹೇಳಿ. ಬಂದ ಪಾಯಿಂಟನ್ನು ಏನು ಮಾಡಿದರು, ಏನೂ ಮಾಡಲಿಲ್ಲ. ಮಿಕ್ಸಿ ಕೊಡ್ತಾರಂತೆ ಕಣ್ರೀ ಅಂದರೆ ಇರ್ಲಿ ಇರು, ಟ್ರಾಲಿ ಬ್ಯಾಗು ಕೊಡ್ತಾರಂತೆ ಅಂದರೆ ಇರ್ಲಿ ಇರು. ನಮ್ಮ ಕಡೆಯವರ ಬುದ್ಧಿಯೇ ಅದು, ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ, ವರ್ಷದ ಹತ್ತಿರಹತ್ತಿರ ಅದರ ಮುಖ ನೋಡುವುದಿಲ್ಲ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ, ಅವಸರ ಮಾಡಿದವನಿಗೆ ಕಾಯಿಯ ರೇಟು, ಸುಮ್ಮನಿದ್ದವನಿಗೆ ಕೊಬ್ಬರಿಯ ರೇಟು. ಪಾಯಿಂಟೂ ಹಾಗೇ ಅಂದುಕೊಂಡರು ಇವರು. ಅಟ್ಟದ್ ಮೇಲಿರ್ಲಿ ಬುಡು ಕಣೇ, ಇದ್ದಷ್ಟೂ ಬಲೀತವೆ. ನಾನೂ ಹೌದೆಂದೇ ಅಂದುಕೊಂಡಿದ್ದೆ, ಇಟ್ಟದ್ದು ಬಲಿಯದೆ ಇನ್ನೇನು ಮಾಡುತ್ತದೆ.

ಹೋದ ವಾರ ಬ್ಯಾಂಕಿನಿಂದ ಮೆಸೇಜು ಬಂದಿತ್ತು, ಇಂಗ್ಲಿಷಿನದು, ಇವರು ಅದನ್ನು ತೋರಿಸಲು ಇವತ್ತು ಬೆಳಿಗ್ಗೆ ನನ್ನನ್ನೂ ಬಸ್ಸು ಹತ್ತಿಸಿ ತಿಪಟೂರಿಗೆ ಕರೆತಂದರು, ರಯೀಸ ಫೋನನ್ನು ಅತ್ತ ಒತ್ತಿ ಇತ್ತ ಒತ್ತಿ, ಯಜಮಾನ್ರೇ ಅರ್ಧಕ್ಕರ್ಧ ಎಕ್ಸ್‌ಪೈರ್ ಆಗೋಗಿದೆ ಅಂದ. ಹಂಗಂದ್ರೆ. ಸತ್ತೋಗಿದೆ ಯಜಮಾನ್ರೇ. ಯಾರ್ ತಿಂದ್ರು. ಯಾರೂ ತಿಂದಿಲ್ಲ, ಮೂರು ವರ್ಷ ಆದ್ಮೇಲೆ ತಾವೇ ಹೋಗ್ತವೆ, ಈಗ ಈ ಸ್ಕೀಮೇ ನಿಲ್ಲಿಸ್ತಾ ಇದಾರೆ, ಉಳಿದಿರೋದಕ್ಕೂ ಇವತ್ತೇ ಕೊನೆ. ಇಟ್ಟಿದ್ದು ಕೆಡಕ್ಕೆ ಅದೇನ್ ಎಳನೀರೇನಲಾ, ಅಂದರು ಇವರು, ಆ ಮುಖ ನೋಡಬೇಕಿತ್ತು, ಅಟ್ಟಕ್ಕೇ ಬೆಂಕಿ ಬಿದ್ದವರ ಮುಖ, ನನಗೆ ನಗು ಬಂತು, ಆ ನಗು ಅಲ್ಲೇ ನಿಂತಿತು, ಇಟ್ಟುಕೊಂಡದ್ದು ಇದ್ದಲ್ಲೇ ಸಾಯುತ್ತದೆ, ಹೇಳದೆ ಕೇಳದೆ, ಒಂದು ಸದ್ದೂ ಮಾಡದೆ, ಇದನ್ನು ನನಗೆ ಯಾರು ಹೇಳಿಕೊಡಬೇಕು. ಇವರು ಮಿಕ್ಸಿ ಕೊಡಿಸಪ್ಪ ಅತ್ಲಾಗೆ ಅಂದರು. ರಯೀಸ ಬೇಡ ಅಂದ, ಮಿಕ್ಸಿಗೆ ಕೊಟ್ರೆ ಪಾಯಿಂಟಿಗೆ ಬೆಲೇನೇ ಇಲ್ಲ, ಹೋಟ್ಲು ರೂಮಿಗೆ ಕೊಟ್ರೆ ಒಂದಕ್ಕೆ ಎರಡು ಸಿಗುತ್ತೆ, ಅಕ್ಕನ್ನ ಕರ್ಕೊಂಡು ಎಲ್ಲಾದ್ರೂ ಹೋಗಿ ಬನ್ನಿ. ನಮ್ಗ್ಯಾಕಪ್ಪ ಹೋಟ್ಲು ಈ ವಯಸ್ನಲ್ಲಿ, ಅಂತ ಇವರು ಕೈಯಾಡಿಸಿದರು, ಆಗ ನನ್ನ ಬಾಯಿಂದ ಬಂತು, ಸಮುದ್ರದ ಹತ್ರ ಇದ್ರೆ ನೋಡಪ್ಪ ರಯೀಸ, ಕಿಟಕಿ ತೆಗುದ್ರೆ ಸಮುದ್ರ ಇರೋ ಥರದ್ದು. ಇಬ್ಬರೂ ನನ್ನನ್ನೇ ನೋಡಿದರು. ಯಾಕೆ ಅಂದರು ಇವರು. ಮಂಡಿ ನೋವಿಗೆ ಉಪ್ಪುನೀರು ಒಳ್ಳೇದಂತೆ ಕಣ್ರೀ ಅಂದೆ. ಎಷ್ಟು ಸಲೀಸಾಗಿ ಬರುತ್ತದೆ ನನಗೆ ಸುಳ್ಳು, ವರ್ಷದಿಂದ ದಿನಾ ಹೇಳಿ ಹೇಳಿ ನಾಲಿಗೆ ಪಳಗಿದೆ.

ಸಮುದ್ರ ನಾನು ನೋಡಿಲ್ಲ, ಆದರೆ ಕೇಳಿದ್ದೇನೆ. ಜೀವಿತಾ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹೋಗಿದ್ದವಳು ಅಲ್ಲಿಂದಲೇ ಫೋನು ಮಾಡಿದ್ದಳು, ಈಗ ಹುಳಿಯಾರಿನಲ್ಲಿ ಅಂಗಡಿ ಮನೆ ಅಂತ ಮೈತುಂಬ ಕೆಲಸ ಅವಳಿಗೆ, ಆಗ ಎಳೆಯ ಮಗುವಿನ ಹಾಗೆ ಕುಣಿಯುತ್ತಿದ್ದಳು, ಅಮ್ಮ ತಡಿ, ಇಲ್ಲಿ ಕೇಳು, ಅಂತ ಫೋನನ್ನು ನೀರಿನ ಕಡೆ ಹಿಡಿದಳು, ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಬೂದಿಗೈಯಲ್ಲೇ ಹಿಡಿದು ಕೇಳಿದೆ, ಬಂತು, ಹಿಂದೆ ಹೋಯಿತು, ಮತ್ತೆ ಬಂತು, ಯಾರೋ ದೊಡ್ಡವರು ಮಲಗಿ ಉಸಿರಾಡುತ್ತಿರುವ ಹಾಗೆ, ಕೇಳುಸ್ತಾ ಅಮ್ಮ, ಕೇಳುಸ್ತು ಕಣೇ, ಚೆನ್ನಾಗೈತೆ, ಹಿಡ್ಕೊಂಡಿರು ಇನ್ನೊಂದ್ ಸ್ವಲ್ಪ. ಆಮೇಲೆ ಕಿವಿಯಲ್ಲಿ ಇದು ಶುರುವಾಯಿತು, ಈ ಸುಯ್ ಅನ್ನುವುದು, ಮೊದಲು ಗಾಳಿಗೆ ತೆಂಗಿನ ಗರಿ ಆಡುತ್ತಿದೆ ಅಂದುಕೊಂಡೆ, ಹೊರಗೆ ಬಂದು ನೋಡಿದರೆ ಒಂದು ಗರಿಯೂ ಅಲ್ಲಾಡುತ್ತಿಲ್ಲ. ಸುಯ್ ಜಾಸ್ತಿಯಾದ ಹಾಗೆ ಮಾತು ಕಮ್ಮಿಯಾಯಿತು. ಕುಕ್ಕರಿನ ವಿಶಲ್ಲು ಹೋಯಿತು, ಬೇಳೆ ಸೀದಾಗ ಮೂಗು ಹೇಳಿತು. ಹಾಲಿನವನ ಹಾರ್ನು ಹೋಯಿತು. ಜೀವಿತಾ ದನಿ ಹೋಯಿತು, ಫೋನು ಮಾಡಿದಾಗೆಲ್ಲ ನೆಟ್‌ವರ್ಕ್ ಇಲ್ಲ ಕಣೇ, ಮೆಸೇಜ್ ಹಾಕು ಅಂತ ಇಟ್ಟುಬಿಡುತ್ತೇನೆ, ನಮ್ಮೂರಿನ ಟವರಿಗೆ ನಾನು ಹೊರಿಸಿದಷ್ಟು ತಪ್ಪು ಇನ್ಯಾರೂ ಹೊರಿಸಿಲ್ಲ. ಕಣ್ಣು ತೋರಿಸಿಕೊಂಡು ಬರುತ್ತೇನೆ ಅಂತ ಒಂದು ದಿನ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ, ಅವರು ಒಳ್ಳೆಯವರು, ಹೋದದ್ದು ಬರಲ್ಲಮ್ಮ, ಇರೋದು ಎಷ್ಟು ದಿನ ಇರುತ್ತೆ ಅಂತ ಹೇಳಕ್ಕಾಗಲ್ಲ, ಮಿಷನ್ ಹಾಕ್ಕೊಂಡ್ರೆ ಸ್ವಲ್ಪ ಅನುಕೂಲ, ಮನೆಯವ್ರನ್ನ ಕರ್ಕೊಂಡು ಬನ್ನಿ ಅಂತ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು. ಕರೆದುಕೊಂಡು ಹೋಗಲಿಲ್ಲ. ಇರುವ ಈ ಚೂರು ಕಿವಿಯಲ್ಲಿ ಒಂದು ಸಲ ಸಮುದ್ರದ ಪಕ್ಕ ಮಲಗಬೇಕು, ನನ್ನೊಳಗಿನ ಸುಯ್ ಯಾವುದು ಹೊರಗಿನದು ಯಾವುದು ಅಂತ ತಿಳಿಯಬೇಕು, ಇಷ್ಟೇ ನನಗೆ ಬೇಕಾಗಿರುವುದು, ಇದನ್ನು ಹೇಳಲು ಹೋದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಫೋನು ಬೆಚ್ಚಗಾಗಿದೆ, ನನ್ನ ಕೈಯ ಬಿಸಿಗೋ ಏನೋ, ನಡುಗಿತೇ, ತಿರುಗಿಸಿ ನೋಡಿದೆ, ಗಾಜು ಕಪ್ಪಗೇ ಇದೆ.

ಹೇಳಿದರೆ ಏನಾಗುತ್ತದೆ, ಯಾರು ಹೊಡೆಯುತ್ತಾರೆ, ಯಾರೂ ಹೊಡೆಯುವುದಿಲ್ಲ, ನಮ್ಮತ್ತೆಗೆ ಯಾರು ಹೊಡೆದರು. ನಾನು ಮದುವೆಯಾಗಿ ಬರುವ ಹೊತ್ತಿಗೇ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ, ಒಳ್ಳೆ ಜೀವ, ಬೆಳಗಿಂದ ಸಂಜೆವರೆಗೆ ನಡುಮನೆಯ ಕಂಬಕ್ಕೆ ಒರಗಿ ಕೂತು ಕೈಗೆ ಸಿಕ್ಕ ಕೆಲಸ ಮಾಡುತ್ತಿತ್ತು, ಯಾರು ಏನಂದರೂ ಹ್ಞೂಂ ಅಂತ ತಲೆಯಾಡಿಸುತ್ತಿತ್ತು, ಬೈದರೂ ಹ್ಞೂಂ, ಹೊಗಳಿದರೂ ಹ್ಞೂಂ. ಅವ್ಳಿಗೇನ್ ಕೇಳುಸ್ತದೆ ಬುಡು, ಇದು ಆ ಮನೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು, ಗುಟ್ಟಿನ ಮಾತು ಆಡಬೇಕಾದರೆ ಅತ್ತೆಯ ಪಕ್ಕದಲ್ಲೇ ಕೂತು ಆಡುತ್ತಿದ್ದರು. ಅತ್ತೆಯ ತಮ್ಮ ಅಮ್ಮಸಂದ್ರದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನಡುಮನೆ ತುಂಬ ಜನ, ಯಾವ ಗಾಡಿಯಲ್ಲಿ ಹೋಗುವುದು, ಯಾರು ಯಾರು ಹೋಗುವುದು, ಹಾರ ಎಲ್ಲಿ ತೆಗೆದುಕೊಳ್ಳುವುದು, ಎಲ್ಲ ಮಾತೂ ಅತ್ತೆಯ ತಲೆಯ ಮೇಲೆಯೇ ಹಾಯ್ದು ಹೋಗುತ್ತಿತ್ತು, ಅತ್ತೆ ಅವರೆಕಾಯಿ ಸುಲಿಯುತ್ತ, ಮನೆಗೆ ಇಷ್ಟು ಜನ ಬಂದಿದ್ದಾರಲ್ಲ ಅಂತ ಒಬ್ಬೊಬ್ಬರಿಗೂ ಮುಗುಳ್ನಗುತ್ತ ಕೂತಿತ್ತು, ಕಾಳು ಜಾಸ್ತಿ ಬೇಕಾದೀತು ಅಂತ ಬೇಗಬೇಗ ಸುಲಿಯುತ್ತಿತ್ತು, ಆ ನಗು ನನಗೆ ಈಗಲೂ ನೋಡಲಾಗುವುದಿಲ್ಲ. ಇವರು ತೋಟದಿಂದ ಬಂದರು, ಯಾರನ್ನೂ ಮಾತಾಡಿಸಲಿಲ್ಲ, ಸೀದಾ ಹೋಗಿ ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತರು, ಎರಡು ಮಂಡಿಯ ಮೇಲೂ ಕೈಯಿಟ್ಟರು, ಬಾಯಿ ಅಗಲ ಮಾಡಿದರು, ಕಿರುನಾಲಿಗೆ ಕಾಣುವಷ್ಟು ಅಗಲ, ಒಂದೊಂದೇ ಅಕ್ಷರ ಕಿತ್ತು ಕೊಡುವ ಹಾಗೆ, ಅ… ವ್ವಾ… ಮಾ… ವ… ಅತ್ತೆಯ ಕೈಯಿಂದ ಕಾಯಿ ಜಾರಿತು. ಊಟಕ್ಕೂ ಹಾಗೇ, ಊ… ಟಾ, ಸ್ನಾನಕ್ಕೂ ಹಾಗೇ, ನೀ… ರು, ದಿನಾ ಆ ಬಾಯಿ, ಆ ಕಿರುನಾಲಿಗೆ, ಹೊಸ ಸೊಸೆ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅಯ್ಯೋ ಅನ್ನಿಸುತ್ತಿತ್ತು, ಅಯ್ಯೋ ಅಂದದ್ದು ಅತ್ತೆಗೋ ಇವರಿಗೋ ಗೊತ್ತಿಲ್ಲ. ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಹಾಗೆ ಬಾಯಿ ಬಿಡುವ ಸ್ಥಿತಿ ಬಂದರೆ ಅವರು ಮಾತುಕತೆಯಿಂದ ಹೊರಗೆ ಅಂತಲೇ ಅರ್ಥ. ನನಗೆ ಹಾಗೆ ಯಾರೂ ಬಾಯಿ ಬಿಡುವುದು ಬೇಡ.

ಆದರೂ ಅಟ್ಟದಲ್ಲಿ ಸಿಕ್ಕಿಬೀಳುವುದರಲ್ಲಿದ್ದೆ. ನಮ್ಮ ಮನೆಯಲ್ಲಿ ಕಾಯಿ ನೋಡುವುದು ನಾನು, ಹಳೆಯ ಬಿದಿರೇಣಿ ಹತ್ತಿ, ಕತ್ತಲಲ್ಲಿ ಕೂತು, ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಬುಳುಕ್ ಅಂದರೆ ನೀರಿದೆ, ವಾಪಸು ಇಡು, ಗಟಗಟ ಅಂದರೆ ಕೊಬ್ಬರಿ ಬಿಟ್ಟಿದೆ, ಕೆಳಗೆ ಇಳಿಸು, ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ, ಊರಿನ ಹೆಂಗಸರೆಲ್ಲ ಮಾಡುತ್ತಾರೆ, ಕಿವಿಯಿದ್ದರೆ ಆಯಿತು. ಬಲಗಿವಿ ಹೋದಾಗ ಎಡಗಿವಿಗೆ ಹಿಡಿದೆ, ಎಡಗಿವಿ ಮಬ್ಬಾದಾಗ ಕೈಯನ್ನೇ ನಂಬಿದೆ, ಒಳಗಿನ ಉಂಡೆ ಚಿಪ್ಪಿಗೆ ಬಡಿದದ್ದು ಅಂಗೈಗೆ ಗೊತ್ತಾಗುತ್ತದೆ ಅಂದುಕೊಂಡೆ, ಆದರೂ ಕಾಯಿಯನ್ನು ಕಿವಿಯ ಹತ್ತಿರವೇ ಹಿಡಿಯುತ್ತಿದ್ದೆ, ಕೆಳಗಿನಿಂದ ಯಾರಾದರೂ ನೋಡಿದರೆ ಅಂತ. ಗೌರಿ ಹಬ್ಬ ಕಳೆದ ಮೇಲೆ ನಾನು ಇಳಿಸಿದ ರಾಶಿಯನ್ನು ಒಡೆದಾಗ ಸಿಕ್ಕಸಿಕ್ಕ ಚಿಪ್ಪಿನಲ್ಲಿ ನೀರು, ಅಂಗಳವೆಲ್ಲ ಒದ್ದೆ, ಹಾಗೆ ಅರೆಬರೆ ಒಣಗಿದ್ದನ್ನು ಇಟ್ಟರೆ ಕೌಟು ವಾಸನೆ ಬರುತ್ತದೆ, ಮಾರಲು ಮಂಡಿಗೆ ಒಯ್ಯುವ ಹಾಗಿಲ್ಲ. ಕೊಬ್ಬರಿ ನೋಡಿ ಕೊಳ್ಳಲು ಬಂದಿದ್ದ ಗಂಗಯ್ಯ ಒಂದು ಚಿಪ್ಪನ್ನು ಬಗ್ಗಿಸಿ ನೀರು ಸುರಿದು ತೋರಿಸಿದ, ಇದೇನ್ ಕಲ್ಲಮ್ಮಾರೇ ಈ ಸಲ ಹಿಂಗೆ. ನಾನು ಬಗ್ಗಿ ಚಿಪ್ಪು ಆಯತೊಡಗಿದೆ. ಇವರೇ ಅಡ್ಡ ಬಂದರು, ಅಟ್ಟ ಸೋರಿತ್ತು ಕಣಪ್ಪ, ಹೆಂಚು ಸರ್ದಿತ್ತು, ಅವ್ಳೇನ್ ಮಾಡ್ತಾಳೆ. ಅಟ್ಟ ಸೋರಿರಲಿಲ್ಲ. ಅಟ್ಟ ಸೋರಿದರೆ ಚಿಪ್ಪಿನೊಳಗೆ ನೀರು ಹೇಗೆ ಹೋಗುತ್ತದೆ, ಗಂಗಯ್ಯನೂ ಅದನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ, ಮರ್ಯಾದೆಗೆ ಹೇಳಿದರು ಅಂದುಕೊಂಡೆ. ಮಾರನೇ ವಾರ ಇವರು ಅಲ್ಯೂಮಿನಿಯಂ ಏಣಿ ತಂದರು, ಕಾರ್ಡು ಉಜ್ಜಿ, ಬಿದಿರೇಣಿ ಗಟ್ಟಿಯಾಗಿರುವಾಗ ಒಂದು ಮೊಳೆಗೂ ಲೆಕ್ಕ ಹಾಕುವ ಮನುಷ್ಯ, ನಿಂಗೆ ಮಂಡಿ ನೋವು ಕಣೇ, ನೀನ್ ಹತ್ಬ್ಯಾಡ, ಕಾಯಿ ನಾನೇ ನೋಡ್ತೀನಿ. ನನಗೆ ಎಂದೂ ಮಂಡಿ ನೋವು ಇರಲಿಲ್ಲ. ಇದ್ದರೂ ಇರಬಹುದು ಅಂತ ಆವತ್ತಿನಿಂದ ಕುಂಟಿಕೊಂಡು ಓಡಾಡಿದೆ, ಕಿವಿಗಿಂತ ಮಂಡಿ ವಾಸಿ.

ಇವರು ಎದ್ದು ಬರುತ್ತಿದ್ದಾರೆ, ಏನೋ ಅನ್ನುತ್ತಿದ್ದಾರೆ, ತುಟಿ ನೋಡು, ತುಟಿ — ಬಂತಲ್ಲೇ, ಎತ್ಬಾರ್ದಾ. ಏನು ಬಂತು. ಫೋನು. ಮಡಿಲಿನ ಫೋನು ತಿರುಗಿಸಿ ನೋಡುತ್ತೇನೆ, ಬೆಳಕು ಬಂದು ಆರುತ್ತಿದೆ, ಹಸಿರು ಗುಂಡಿ ಹೋಗಿ ಅಕ್ಷರ ಬಂತು, ಮಿಸ್ಡ್ ಕಾಲ್. ನಡುಗಲೇ ಇಲ್ಲ ಅದು, ನಡುಗುವ ಹಾಗೆ ಇಟ್ಟಿರಲಿಲ್ಲ ರಯೀಸ, ನನ್ನ ಎರಡೂ ಅಂಗೈ ನಡುವೆ ಕೂತು ಕೂಗಿದೆ, ಅಂಗಡಿಯವರೆಲ್ಲ ಕೇಳಿದ್ದಾರೆ, ಕೌಂಟರಿನ ಹತ್ತಿರ ಒಡೆದ ಫೋನು ರಿಪೇರಿಗೆ ಕೊಟ್ಟು ನಿಂತಿರುವ ಆ ಹಳದಿ ಸೀರೆಯ ಹೆಂಗಸೂ ತಿರುಗಿ ನೋಡುತ್ತಿದ್ದಾಳೆ. ಕೈಲೇ ಇತ್ತಲ್ಲೇ, ಅನ್ನುತ್ತಾರೆ ಇವರು, ಕೋಪವಿಲ್ಲ, ಕೋಪವಿದ್ದಿದ್ದರೆ ವಾಸಿಯಿತ್ತು, ಏನೋ ಹುಡುಕುವ ಹಾಗೆ ನನ್ನ ಮುಖ ನೋಡುತ್ತಿದ್ದಾರೆ. ಎತ್ತೋ ಅಷ್ಟ್ರಲ್ಲಿ ಕಟ್ಟಾಯ್ತು ಕಣ್ರೀ ಅಂದೆ, ಇವರು ತಿರುಗಿ ಹೋಗಿ ಬೆಂಚಿನಲ್ಲಿ ಕೂತರು. ಪರ್ವಾಗಿಲ್ಲ ಅಕ್ಕ, ಇನ್ನೊಂದ್ಸಲ ಮಾಡ್ತಾರೆ, ಅದೇ ಕೊನೆ ಸಲ, ಅಂದ ರಯೀಸ, ನನ್ನ ಕಡೆ ಮುಖ ಮಾಡಿಯೇ ಅಂದ, ಪುಣ್ಯಾತ್ಮ, ಮತ್ತೆ ಎಲ್ಲ ಹೇಳಿದ. ಸ್ಪೀಕರ್ ಹಾಕಬಾರದು, ಪಕ್ಕದಲ್ಲಿ ಯಾರೂ ಹೇಳಿಕೊಡಬಾರದು, ಬೇರೆಯವರ ದನಿ ಕೇಳಿದರೆ ಅಲ್ಲೇ ನಿಲ್ಲಿಸಿಬಿಡುತ್ತಾರೆ, ಮೊದಲು ಹೆಸರು, ಆಮೇಲೆ ಹುಟ್ಟಿದ ತಾರೀಕು, ಆಮೇಲೆ ತಾಯಿ ಹೆಸರು, ಕೊನೆಗೆ ಕಾರ್ಡಲ್ಲಿ ತಗೊಂಡ ಕೊನೇ ಸಾಮಾನು ಯಾವುದು ಅಂತ ಕೇಳ್ತಾರೆ, ಏಣಿ ಅನ್ನಿ. ಇಷ್ಟೇ ತಾನೇ, ನಾಲ್ಕು ಉತ್ತರ, ಸಾಲಾಗಿ ಜೋಡಿಸಿಕೊಂಡಿದ್ದೇನೆ, ಅವಳ ದನಿ ಸುಯ್ ಒಳಗೆ ಗುಂಯ್ ಅನ್ನುವಷ್ಟು ತಿಳಿದರೆ ಸಾಕು, ಗುಂಯ್ ನಿಂತಾಗ ಒಂದು ಉತ್ತರ ಕೊಡುವುದು, ಮತ್ತೆ ಗುಂಯ್ ನಿಂತಾಗ ಇನ್ನೊಂದು, ಕಲ್ಲಮ್ಮ, ತಾರೀಕು, ಚಿಕ್ಕಗೌರಮ್ಮ, ಏಣಿ, ಕಲ್ಲಮ್ಮ, ತಾರೀಕು, ಚಿಕ್ಕಗೌರಮ್ಮ, ಏಣಿ, ಆಮೇಲೆ ಸಮುದ್ರ. ಪಕ್ಕದ ಗುಂಡಿ ಒತ್ತಿ ದನಿ ಏರಿಸಿದೆ, ಇನ್ನೂ ಒತ್ತಿದೆ, ಗೆರೆ ತುದಿ ಮುಟ್ಟುವವರೆಗೆ ಒತ್ತಿದೆ. ಕಣ್ಣು ಮಾತ್ರ ಫೋನಿನ ಮೇಲಿಂದ ತೆಗೆಯಲಿಲ್ಲ.

ಬೆಳಕು ಬಂತು. ಹಸಿರು ಒತ್ತಿ ಎಡಗಿವಿಗೆ ಒತ್ತಿಹಿಡಿದೆ, ಹಲೋ ಅಂದೆ, ಗಟ್ಟಿಯಾಗಿ ಅಂದೆನೋ ಮೆಲ್ಲಗೆ ಅಂದೆನೋ, ಸುಯ್, ಸುಯ್ ಒಳಗೆ ಗುಂಯ್, ಇದೆ, ಸಣ್ಣಗೆ ಇದೆ, ನಿಂತಿತು, ಕಲ್ಲಮ್ಮ ಅಂದೆ. ಮತ್ತೆ ಗುಂಯ್, ನಿಂತಿತು, ತಾರೀಕು ಹೇಳಿದೆ. ಸರಿಹೋಗುತ್ತಿದೆ, ಬೆನ್ನಲ್ಲಿ ಬೆವರು ಇಳಿಯುತ್ತಿದೆ, ಸರಿಹೋಗುತ್ತಿದೆ. ಮತ್ತೆ ಗುಂಯ್, ಈ ಸಲ ಉದ್ದ, ನಿಂತಿತು, ಚಿಕ್ಕಗೌರಮ್ಮ ಅಂದೆ. ಗುಂಯ್. ನಿಂತಿತು. ಏಣಿ ಅನ್ನಬೇಕು, ಬಾಯಿ ತೆರೆದೆ, ಅಷ್ಟರಲ್ಲಿ ಹಳದಿ ಸೀರೆಯವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುವುದು ಕಾಣಿಸಿತು, ಯಾಕೆ ನಗುತ್ತಾಳೆ, ರಯೀಸನ ಕೈಯಲ್ಲಿ ಸ್ಕ್ರೂಡ್ರೈವರು ನಿಂತಿದೆ, ಅವನು ನಗುತ್ತಿಲ್ಲ, ನನ್ನನ್ನು ನೋಡುತ್ತಿದ್ದಾನೆ, ಏನೋ ಹೇಳಲು ತುಟಿ ತೆರೆದು ಮುಚ್ಚಿದ. ಗುಂಯ್. ಮತ್ತೆ ಅಷ್ಟೇ ಉದ್ದದ ಗುಂಯ್. ಅದೇ ಪ್ರಶ್ನೆಯನ್ನೇ ಕೇಳುತ್ತಿದ್ದಾಳೆ ಅವಳು, ನಾನು ಹೇಳಿದ್ದು ಅದರ ಉತ್ತರವಲ್ಲ, ಸಾಲು ತಪ್ಪಿದೆ, ಎಲ್ಲಿ ತಪ್ಪಿತು, ಇವರಿಗೆಲ್ಲ ಹೇಗೆ ಗೊತ್ತಾಯಿತು ತಪ್ಪಿದೆ ಅಂತ — ಕೇಳುತ್ತಿದೆ. ಇವರಿಗೆಲ್ಲ ಕೇಳುತ್ತಿದೆ. ತುದಿಯವರೆಗೆ ಏರಿಸಿದ್ದೇನಲ್ಲ ದನಿಯನ್ನು, ಬ್ಯಾಂಕಿನ ಹುಡುಗಿ ಅಂಗಡಿ ತುಂಬ ಕೂಗುತ್ತಿದ್ದಾಳೆ, ಕೌಂಟರಿನವರೆಗೆ, ಬೀದಿಯವರೆಗೆ ಕೇಳುತ್ತಿದೆ, ಕಿವಿಗೇ ಅಂಟಿಸಿಕೊಂಡ ನನಗೊಬ್ಬಳಿಗೆ ಇಲ್ಲ, ನಡುಮನೆಯಲ್ಲಿ ಕೂತು ನಾನು ಅವರೆಕಾಯಿ ಸುಲಿಯುತ್ತಿದ್ದೇನೆ, ನಗುತ್ತಿದ್ದೇನಾ, ಮುಖದ ಮೇಲೆ ನಗು ಇದೆಯಾ, ಇದೆ, ನನ್ನ ಕೆನ್ನೆ ಎಳೆದುಕೊಂಡಿರುವುದು ನನಗೇ ಗೊತ್ತಾಗುತ್ತಿದೆ. ಇಟ್ಟುಬಿಡಲೇ, ನೆಟ್‌ವರ್ಕ್ ಇಲ್ಲ ಅಂದುಬಿಡಲೇ, ಕೆಂಪು ಗುಂಡಿ ಹೆಬ್ಬೆರಳಿನ ಅಡಿಯಲ್ಲೇ ಇದೆ, ಹೋದರೆ ಹೋಗಲಿ ಸಮುದ್ರ, ಯಾರಿಗೆ ಬೇಕು. ಬೆಂಚಿನಿಂದ ಇವರು ಎದ್ದರು. ನನ್ನ ಎದುರು ಬಂದರು. ಕುಕ್ಕರುಗಾಲಲ್ಲಿ ಕೂರುತ್ತಿದ್ದಾರೆ, ಈ ವಯಸ್ಸಿನಲ್ಲಿ, ಒಂದು ಕೈ ನೆಲಕ್ಕೆ ಊರಿ, ಬೇಡ, ಕೂರಬೇಡಿ, ಬೇಡ ಕಣ್ರೀ, ಎರಡು ಮಂಡಿಯ ಮೇಲೂ ಕೈಯಿಟ್ಟರು, ನೋವಿಲ್ಲದ ನನ್ನ ಎರಡು ಮಂಡಿ, ಬಾಯಿ ತೆರೆದರು, ದನಿಯಿಲ್ಲ, ಬೇರೆಯವರ ದನಿ ಕೇಳಬಾರದಲ್ಲ, ಬರೀ ಬಾಯಿ, ಅಗಲ, ಮುಂದಿನ ಹಲ್ಲು ಬಿದ್ದ ಸಂದಿ, ಹಿಂದೆ ಕಿರುನಾಲಿಗೆ. ಏ… ಣಿ.

ಏಣಿ ಅಂದೆ. ಏಣಿ, ಅಲ್ಯೂಮಿನಿಯಂ ಏಣಿ, ಗೌರಿ ಹಬ್ಬದ ಮೇಲೆ ತಂದದ್ದು, ಯಾಕೆ ತಂದದ್ದು, ಬಿದಿರೇಣಿ ಗಟ್ಟಿಯಾಗಿತ್ತಲ್ಲ, ಅಟ್ಟ ಸೋರಿರಲಿಲ್ಲವಲ್ಲ, ಹೆಂಚು ಸರಿದಿರಲಿಲ್ಲವಲ್ಲ, ಆವತ್ತಿನಿಂದ ಇವರು ನನ್ನ ಎಡಕ್ಕೇ ಕೂತು ಊಟ ಮಾಡುತ್ತಾರಲ್ಲ. ಗುಂಯ್ ಬಂತು, ನಿಂತಿತು, ನಾನು ಫೋನಿನ ಕಡೆ ಗಮನ ಕೊಡಲಿಲ್ಲ, ಬಾಯಿಯನ್ನೇ ನೋಡಿದೆ, ಅ… ವ್ವ, ಓ, ಹಿಂದುಮುಂದು ಮಾಡಿ ಕೇಳಿದ್ದಾಳೆ ಅವಳು, ಚಿಕ್ಕಗೌರಮ್ಮ ಅಂದೆ. ಗುಂಯ್. ಹೌ… ದು, ಹೌದು ಅಂದೆ. ಆಚೆ ರಯೀಸ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾನೆ, ಅವನ ಫೋನಿನಲ್ಲಿ ನೀಲಿ ಬಣ್ಣದ್ದು ಏನೋ ಬಂದಿದೆ, ರೂಮೋ ಸಮುದ್ರವೋ, ಹಳದಿ ಸೀರೆಯವಳ ಸೆರಗು ಕೆಳಗಿಳಿದಿದೆ, ಅವಳೀಗ ನಗುತ್ತಿಲ್ಲ, ಬೇರೆ ಕಡೆ ನೋಡುತ್ತಿದ್ದಾಳೆ. ಫೋನನ್ನು ಕಿವಿಯಿಂದ ತೆಗೆದೆ, ಕಿವಿ ಬಿಸಿಯಾಗಿತ್ತು. ಆಯಿತಲ್ಲ, ಏಳಿ ಇನ್ನು, ಜನ ನೋಡುತ್ತಾರೆ ಏಳಿ, ಅಂದೆನೋ ಅಂದುಕೊಂಡೆನೋ, ಇವರು ಏಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ, ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡು ಓಡಾಡಿದ ಇಷ್ಟು ದಿನವೂ ಈ ಮನುಷ್ಯ ಇನ್ನೊಂದು ತುದಿ ಹಿಡಿದಿದ್ದರೇ, ಅಳು ಬರುತ್ತಿದೆ, ಇಲ್ಲಿ ಬೇಡ, ಬಸ್ಸಿನಲ್ಲಿ ಬರಲಿ. ಬಾಯಿ ಮತ್ತೆ ತೆರೆಯಿತು. ಕೇ… ಳು… ಸ್ತಾ. ಏನು ಕೇಳಿಸಿತಾ ಅಂತ, ಬ್ಯಾಂಕಿನದೋ, ಫ್ಯಾನಿನದೋ, ಇವರದೋ. ನನ್ನ ಕತ್ತು ತಾನಾಗಿ ಬಾಗತೊಡಗಿತು, ಹ್ಞೂಂ ಅನ್ನಲು, ನಮ್ಮತ್ತೆಯ ಕತ್ತು, ಕಂಬಕ್ಕೆ ಒರಗಿದ ಕತ್ತು, ಅರ್ಧಕ್ಕೆ ಹಿಡಿದು ನಿಲ್ಲಿಸಿದೆ. ಇಲ್ಲ ಅಂದೆ. ಇಲ್ಲ ಕಣ್ರೀ. ಗಟ್ಟಿಯಾಗಿ ಅಂದೆನೋ ಮೆಲ್ಲಗೆ ಅಂದೆನೋ, ಮೇಲೆ ಫ್ಯಾನು ತಿರುಗುತ್ತಿದೆ, ಇವರು ಏಳುತ್ತಿಲ್ಲ, ಹಲ್ಲು ಬಿದ್ದ ಸಂದಿ, ಹಿಂದೆ ಕಿರುನಾಲಿಗೆ, ನಡುಗುತ್ತಿದೆ, ಬಾಯಿ ತೆರೆದೇ ಇದೆ.